ಕಾದಂಬರಿಗೆ ಸಲಹೆ ಬೇಕ್ರಿ: ಒಣದ್ರಾಕ್ಷಿ ಸಾವುಕಾರರ ಮೊಮ್ಮಗನ ಅಪಹರಣ, ಪತ್ತೇದಾರ ಎಲ್ಲಿಂದ ಶುರು ಮಾಡಬೇಕು?

ಬಾರಾಕಮಾನ್:
ಎಲ್ಲಾರಿಗೂ ನಮಸ್ಕಾರ್ರಿ. ಹಗಲು ಮಾಸ್ತರಕಿ, ರಾತ್ರಿ ಕಾದಂಬರಿ. ಅರ್ಧಾ ಬರದು ಸಿಕ್ಕೊಂಡೀನಿ, ಅದಕ್ಕ ಇಲ್ಲಿ ಬಂದೀನಿ.

ಕತಿ ನಮ್ಮ ವಿಜಯಪುರದ್ದೇ. ತಿಕೋಟಾ ಕಡೆ ನಲವತ್ತು ಎಕರೆ ದ್ರಾಕ್ಷಿ ಪಡ, ಊರಾಗ ಒಣದ್ರಾಕ್ಷಿ ವ್ಯಾಪಾರ, ಸ್ವಂತ ಕೋಲ್ಡ್ ಸ್ಟೋರೇಜ್ ಇರೋ ಕೂಡು ಕುಟುಂಬ. ಯಜಮಾನ್ರಿಗೆ ಎಪ್ಪತ್ತೆರಡು. ಶ್ರಾವಣದ ಒಂದು ಸಂಜಿ ಒಂಬತ್ತು ವರ್ಷದ ಮೊಮ್ಮಗ ಟ್ಯೂಷನ್ನಿಂದ ಮನಿಗೆ ಬರಂಗಿಲ್ಲ. ರಾತ್ರಿ ಎಂಟಕ್ಕ ಫೋನು: "ನಲವತ್ತೊಂದು ಲಕ್ಷ ಅರವತ್ತು ಸಾವಿರ. ಪೊಲೀಸ್ರಿಗೆ ಹೇಳಿದ್ರ ಹುಡುಗನ ಹೆಣಾ ಬರ್ತದ."

ಇಂಥಾ ವಿಚಿತ್ರ ಮೊತ್ತ ಯಾಕಂದ್ರ, ಹಿಂದಿನ ವಾರ ಆ ಮನಿಯವರು 26 ಟನ್ ಮಾಲು ಕಿಲೋಕ್ಕ 160 ರೂಪಾಯಿಯಂಗ ಮಾರಿರ್ತಾರ. ಗುಣಾಕಾರ ಮಾಡಿ ನೋಡ್ರಿ. ಅಷ್ಟೂ ರೊಕ್ಕಾ ನಗದು, ಮನಿ ತಿಜೋರಿಯೊಳಗ. ಕೊನೀಗೆ ಅಂಗಡಿ ಗುಮಾಸ್ತನೇ ಕಳ್ಳ ಅಂತ ಗೊತ್ತಾಗ್ತದ.

ಮನಿಯವರು ಪೊಲೀಸ್ರಿಗೆ ಹೇಳದ ಬೆಳಗಾವಿ ತಿಲಕವಾಡಿಯಿಂದ ಒಬ್ಬ ಖಾಸಗಿ ಪತ್ತೇದಾರನ್ನ ಕರಸ್ತಾರ. ಅವ ಮೊಬೈಲ್ ಕಂಪನಿಯೊಳಗಿನ ದೋಸ್ತನ ಕಡೆಯಿಂದ ಲೊಕೇಶನ್ ತಗೊಂಡು ಬೆನ್ನು ಹತ್ತತಾನ. ರೊಕ್ಕಾ ಕೊಡೂ ಸೀನು ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯೊಳಗ. ಹುಡುಗನ್ನ ಬಚ್ಚಿಟ್ಟಿದ್ದು ದ್ರಾಕ್ಷಿ ಒಣಗಸೂ ಶೆಡ್ಡಿನ್ಯಾಗ.

ಇದು ನಂಬೂವಂಗ ಅದ ಏನು? ತಪ್ಪಿದ್ದಲ್ಲಿ ತಿದ್ದರಿ, ಬೇಜಾರ ಮಾಡ್ಕೊಳಂಗಿಲ್ಲ.

ಗುಮ್ಮಟದ ಗೈಡ್:
ಮಾಸ್ತರ, ನಕ್ಕು ನಕ್ಕು ಸಾಕಾತು. ಆ ಗ್ಯಾಲರಿಯೊಳಗ ಗೋಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಮೂವತ್ತೇಳು ಮೀಟರ್ ಆಚೆ ಕಡೆ ಗೋಡಿಗೆ ಕಿವಿ ಇಟ್ಟವನಿಗೆ ಚೊಕ್ಕ ಕೇಳ್ತದ. ಗುಟ್ಟಿನ ವ್ಯವಹಾರಕ್ಕ ಇಡೀ ಜಿಲ್ಲಾದಾಗ ಇದಕ್ಕಿಂತ ಕೆಟ್ಟ ಜಾಗಾ ಇಲ್ಲ. "ರೊಕ್ಕಾ ತಂದೀಯೇನು" ಅಂತ ಕಳ್ಳ ಕೇಳೂದು, ಆ ಕಡಿಂದ ಸಾಲಿ ಟ್ರಿಪ್ಪಿಗೆ ಬಂದ ಹುಡುಗೂರು "ತಂದೀನೋ ಓ ಓ" ಅಂತ ಒದರೂದು.

ಮ್ಯಾಲ ಹತ್ತಾಕ ಮೂಲಿ ಮಿನಾರಿನ ಒಳಗಿನ ಇಕ್ಕಟ್ಟು ಮೆಟ್ಟಿಲಾ. ಏಳು ಅಂತಸ್ತು. ಕೆಳಗ ಟಿಕೆಟ್ಟು, ಕಾವಲುಗಾರ್ರು. ರೊಕ್ಕದ ಚೀಲಾ ಹೊತ್ಕೊಂಡು ಏಳು ಅಂತಸ್ತು ಹತ್ತಿದ ಕಳ್ಳ ಓಡಿ ಹೋಗೂದಿರಲಿ, ಮೊದಲ ಅರ್ಧಾ ತಾಸು ತೇಕತಾನ.

ಕುಂದಾ ಪ್ರಿಯ:
ಪತ್ತೇದಾರ ನಮ್ಮೂರಿಂದ ಹೊಂಟಾನ ಅಂದ್ರ ಒಂದು ಕಿಲೋ ಕುಂದಾ ತರ್ತಾನಲ್ಲ? ಅದನ್ನ ಬರೀದಿದ್ರ ನಾವು ಕಾದಂಬರಿ ಓದಂಗಿಲ್ಲ.

ಕರಿಕೋಟು:
ಬೆಳಗಾವಿಯಲ್ಲಿ ವಕೀಲಿ ಮಾಡುವವನು ನಾನು. ಆದ್ದರಿಂದ ಕಳ್ಳನಿಗಿಂತ ಮೊದಲು ನಿಮ್ಮ ಹೀರೋನ ಮೇಲೆ ಕೇಸು ಹಾಕುತ್ತೇನೆ.

ಮೊಬೈಲ್ ಕಂಪನಿಯ ದೋಸ್ತ ಕರೆ ವಿವರ (ಸಿಡಿಆರ್) ಕೊಟ್ಟರೆ ಅವನೂ ಒಳಗೆ, ಇವನೂ ಒಳಗೆ. 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಹೀಗೆ ಸಿಡಿಆರ್ ಮಾರಾಟ ಮಾಡುತ್ತಿದ್ದ ಜಾಲ ಹಿಡಿದಾಗ ಖಾಸಗಿ ಪತ್ತೇದಾರರೂ ಜೈಲು ಕಂಡರು. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರನಿಗೆ ಲೈಸೆನ್ಸ್ ಕೊಡುವ ಕಾನೂನೇ ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆಯಾಗಿತ್ತು, ಕಾಯ್ದೆ ಆಗಲೇ ಇಲ್ಲ. ಅಂದರೆ ಅವನಿಗೆ ನಿಮಗೂ ನನಗೂ ಇರುವಷ್ಟೇ ಅಧಿಕಾರ. ಬಾಗಿಲು ಬಡಿದು ಕೇಳಬಹುದು, ಅವರು ಹೇಳದಿದ್ದರೆ ಎದ್ದು ಬರಬೇಕು. ಅದೂ ಅಲ್ಲದೆ, ಹಣಕ್ಕಾಗಿ ಅಪಹರಣ ಆಗಿದೆ ಎಂದು ಗೊತ್ತಿದ್ದವರು ಪೊಲೀಸರಿಗೆ ತಿಳಿಸಬೇಕು ಅಂತ ಹೊಸ ಅಪರಾಧ ಪ್ರಕ್ರಿಯಾ ಕಾನೂನಾದ ಬಿಎನ್‌ಎಸ್‌ಎಸ್ 33ನೇ ಕಲಂ ಹೇಳುತ್ತದೆ. ನಿಮ್ಮ ಪತ್ತೇದಾರ ಸುಮ್ಮನಿದ್ದರೆ ಅದಕ್ಕೂ ಉತ್ತರ ಕೊಡಬೇಕಾಗುತ್ತದೆ.

ಇನ್ನು ಕಳ್ಳನ ವಿಚಾರ. 1993ರಲ್ಲಿ ಹಳೇ ದಂಡ ಸಂಹಿತೆಯಾದ ಐಪಿಸಿಗೆ ಹಣಕ್ಕಾಗಿ ಅಪಹರಣದ ಕಲಂ 364ಎ ಸೇರಿಸಿದರು. 2024ರ ಜುಲೈ 1ರಿಂದ ಅದು ಹೊಸ ದಂಡ ಸಂಹಿತೆಯಾದ ಬಿಎನ್‌ಎಸ್ 140(2). ಮರಣದಂಡನೆ ಇಲ್ಲವೇ ಜೀವಾವಧಿ, ಜೊತೆಗೆ ದಂಡ. ಆದರೆ ಅಪಹರಣ ಮಾಡಿ ಹಣ ಕೇಳಿದ ಎಂದಷ್ಟೇ ರುಜುವಾತಾದರೆ ಸಾಲದು. ಕೊಲ್ಲುವ ಅಥವಾ ಗಾಯ ಮಾಡುವ ಬೆದರಿಕೆ, ಇಲ್ಲವೇ ಅಂಥ ನಡವಳಿಕೆ ಕೂಡ ರುಜುವಾತಾಗಬೇಕು. ತೆಲಂಗಾಣದ ಒಂದು ಪ್ರಕರಣದಲ್ಲಿ ಆಟೋ ಡ್ರೈವರ್ ಆರನೇ ತರಗತಿ ಹುಡುಗನನ್ನು ಒಯ್ದು ಎರಡು ಲಕ್ಷ ಕೇಳಿದ್ದ. ನನ್ನನ್ನು ಚೆನ್ನಾಗಿಯೇ ನೋಡಿಕೊಂಡ ಅಂತ ಹುಡುಗನೇ ಸಾಕ್ಷಿ ಹೇಳಿದ. 2021ರಲ್ಲಿ ಸುಪ್ರೀಂ ಕೋರ್ಟ್ 364ಎ ಕೈಬಿಟ್ಟು ಬರೀ ಅಪಹರಣಕ್ಕೆ ಏಳು ವರ್ಷ ಕೊಟ್ಟಿತು. ಹಾಗಾಗಿ ನಿಮ್ಮ ಕಳ್ಳ ಫೋನಿನಲ್ಲಿ ಆಡಿದ "ಹೆಣಾ ಬರ್ತದ" ಅನ್ನುವ ಮಾತು ಬಹಳ ತೂಕದ್ದು. ಅದನ್ನು ಯಾರು ಕೇಳಿಸಿಕೊಂಡರು, ರೆಕಾರ್ಡ್ ಆಗಿದೆಯೇ ಅನ್ನುವುದನ್ನು ತಪ್ಪದೇ ಬರೆಯಿರಿ.

ನಿವೃತ್ತ ಖಾಕಿ:
ವಕೀಲ ಸಾಹೇಬ್ರು ಕೋರ್ಟಿನ ಬಾಗಿಲದಿಂದ ಶುರು ಮಾಡ್ಯಾರ, ನಾ ಮನಿ ಬಾಗಿಲದಿಂದ ಹೇಳ್ತೀನಿ. ಮೂವತ್ನಾಕು ವರ್ಷ ಡಿಪಾರ್ಟಮೆಂಟಿನ್ಯಾಗ ಇದ್ದು ಎಎಸ್‌ಐ ಆಗಿ ಮನಿಗೆ ಬಂದೀನಿ.

ಇಂಥಾ ಮನಿಗೆ ಹೋದ್ರ ಮೊದಲ ಮಾಡೂ ಕೆಲಸ ಪಡಸಾಲಿ ಖಾಲಿ ಮಾಡ್ಸೂದು. ದೊಡ್ಡವರ ಮನ್ಯಾಗ ಹಿಂಗಾತು ಅಂದ್ರ ಅರ್ಧಾ ತಾಸಿನ್ಯಾಗ ಐವತ್ತು ಮಂದಿ ಕೂಡತಾರ. ಬೀಗರು, ಓಣಿಯವರು, ಪಾರ್ಟಿಯವರು. ಒಬ್ಬಾವ ಶಾಸಕರಿಗೆ ಫೋನ್ ಹಚ್ಚತಾನ, ಇನ್ನೊಬ್ಬ ಟಿವಿಯವ್ರಿಗೆ. ಪೊಲೀಸ್ರು ಬಂದ ಸುದ್ದಿ ಕಳ್ಳನಿಗೆ ಮುಟ್ಟೂದು ಇವರ ಬಾಯಿಂದನ. ಎರಡನೇದ್ದು, ಫೋನ್ ಎತ್ತಾವ ಒಬ್ಬನ ಇರಬೇಕು. ತಾಯಿ ಬ್ಯಾಡ, ಅಜ್ಜ ಬ್ಯಾಡ. ದನಿ ನಡಗದಂಥವ ಬೇಕು. "ಹುಡುಗನ್ನ ಮಾತಾಡ್ಸು, ಆಮ್ಯಾಲ ರೊಕ್ಕದ ಮಾತು" ಅನ್ನಬೇಕು. ಹುಡುಗ ಸಿಗದಿದ್ರ ಹುಡುಗನಿಗಷ್ಟ ಗೊತ್ತಿರೋ ಒಂದು ಪ್ರಶ್ನಿ ಕೇಳಬೇಕು.

ಮೂರನೇದ್ದು ಸಿಸಿಟಿವಿ. ಯಾರೂ ಕತಿಯೊಳಗ ಇದನ್ನ ಬರ್ಯಂಗಿಲ್ಲ. ಅಂಗಡಿಯೊಳಗ ರೆಕಾರ್ಡ್ ಮಾಡೂ ಪೆಟ್ಟಿಗಿ, ಡಿವಿಆರ್‌ನ ಗಡಿಯಾರ ಸರಿ ಇರಂಗಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ ಮುಂದ ಹಿಂದ. ನಾವು ನಮ್ಮ ಮೊಬೈಲ್ ಟೈಮು ಅದರ ಬಾಜೂಕ ಹಿಡದು ಫೋಟೋ ತಗದು, ಫರಕು ಎಷ್ಟು ಅಂತ ಪಂಚನಾಮೆಯೊಳಗ ಬರಸ್ತಿದ್ವಿ. ಅದೊಂದು ಬಿಟ್ರ ಆರೋಪಿ ವಕೀಲ "ಆ ಹೊತ್ತಿನ್ಯಾಗ ನಮ್ಮ ಕಕ್ಷಿದಾರ ಸೊಲ್ಲಾಪುರದಾಗ ಇದ್ದ" ಅಂತ ಎದ್ದು ನಿಂದರ್ತಾನ.

ಲೊಕೇಶನ್ ಅಂದ ಕೂಡಲೇ ಎಲ್ಲಾರೂ ನಕಾಶೆ ಮ್ಯಾಲ ಕೆಂಪು ಚುಕ್ಕಿ ಅನ್ಕೋತಾರ. ಟವರ್ ಅಂದ್ರ ಮನಿ ಅಲ್ಲ. ನಮ್ಮ ಎರಿ ಹೊಲದ ಬಯಲಾಗ ಒಂದು ಟವರ್ ನಾಕಾರು ಹಳ್ಳಿ ಹಿಡೀತದ. ಝಳಕಿ, ಧೂಳಖೇಡದ ಕಡೆ ಹೋದ್ರಂತೂ ಫೋನು ಮಹಾರಾಷ್ಟ್ರದ ಟವರ್‌ಗೆ ಅಂಟ್ಕೋತದ. ಮನುಷ್ಯಾ ಕರ್ನಾಟಕದಾಗ, ಲೊಕೇಶನ್ ಮಹಾರಾಷ್ಟ್ರದಾಗ.

ಬಾರಾಕಮಾನ್:
ಗುಮ್ಮಟದ ಸೀನು ಹೋತು. ಹನ್ನೊಂದು ಪುಟಾ ಬರದಿದ್ದೆ, ಇರ್ಲಿ ಬಿಡ್ರಿ. ಮೊಬೈಲ್ ದೋಸ್ತನೂ ಹೋದ. ಖಾಕಿ ಕಾಕಾರ, ಹಂಗಾದ್ರ ಪತ್ತೇದಾರನ್ನ ತಗದು ಸರ್ಕಲ್ ಇನ್ಸ್ಪೆಕ್ಟರ್ (ಸಿಪಿಐ) ಒಬ್ಬನ್ನ ಹೀರೋ ಮಾಡಲೇನು? ಆದ್ರ ನನಗ ಯೂನಿಫಾರ್ಮ್ ಇಲ್ಲದವನ ಬೇಕಾಗ್ಯಾನ.

ನಿವೃತ್ತ ಖಾಕಿ:
ಇಟ್ಕೋರಿ. ಪೊಲೀಸ್ರು ತಮ್ಮ ಕೆಲಸ ಮಾಡ್ಲಿ, ಅವ ಮನಿಯವರ ಪರವಾಗಿ ಬಾಜೂಕ ಇರ್ಲಿ. ಆದ್ರ ಪೊಲೀಸ್ರಿಗೆ ಹೇಳೂದು ಮಾತ್ರ ಕತಿಯೊಳಗ ಬರಬೇಕು. ಹುಡುಗೂರು ಕಾಣಿಯಾದ್ರ ಕಾಯಂಗಿಲ್ರಿ, ಗಪ್ಪನ 112 ಒತ್ತಬೇಕು. "ಇಪ್ಪತ್ನಾಕು ತಾಸು ನೋಡೂಣು" ಅನ್ನೂ ಮಾತು ಸಿನಿಮಾದ್ದು.

ಕರಿಕೋಟು:
ಹೌದು. ಮಗು ಕಾಣೆಯಾದರೆ ಅಪಹರಣ ಅಂತಲೇ ಭಾವಿಸಿ ಎಫ್‌ಐಆರ್ ಮಾಡಬೇಕೆಂದು 2013ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೇ ವರ್ಷ ನವೆಂಬರ್‌ನಲ್ಲಿ ಲಲಿತಾ ಕುಮಾರಿ ತೀರ್ಪು ಬಂತು. ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಅಂತ ಎಲ್ಲರೂ ಉಲ್ಲೇಖಿಸುವ ಆ ತೀರ್ಪಿನ ಮೂಲವೇ ಅಪಹರಣವಾದ ಹುಡುಗಿಯ ಅಪ್ಪ ಹಾಕಿದ ಅರ್ಜಿ. ಯಾವ ಠಾಣೆಯ ಹದ್ದು ಅನ್ನುವ ಜಗಳವೂ ಈಗ ಬೇಡ. ಬಿಎನ್‌ಎಸ್‌ಎಸ್ 173ರಂತೆ ಎಲ್ಲಿ ಬೇಕಾದರೂ ದೂರು ಕೊಡಬಹುದು.

ನವನಗರದ ಅಕ್ಕ:
ಬಾಗಲಕೋಟೆಯಿಂದ ರೀ. ಕತಿ ಅಲ್ಲ, ನನ್ನ ಮ್ಯಾಲ ಬಂದದ್ದು ಹೇಳ್ತೀನಿ. ಹಿಂದಿನ ವರ್ಷ ಮಧ್ಯಾಹ್ನ ಕುಕ್ಕರ್ ಇಟ್ಟಿದ್ದೆ. ವಾಟ್ಸಾಪ್ ಕಾಲ್ ಬಂತು, ಫೋಟೋದಾಗ ಪೊಲೀಸ್ ಟೋಪಿ, ನಂಬರ್ +92 ಅಂತ ಶುರು, ಪಾಕಿಸ್ತಾನದ್ದು. ಹಿಂದಿ. "ನಿಮ್ಮ ಮಗ ನಮ್ಮ ಕೈಯಾಗ ಅದಾನ, ಐವತ್ತು ಸಾವಿರ ಹಾಕ್ರಿ." ಹಿಂದ ಒಬ್ಬ ಹುಡುಗ "ಮಮ್ಮೀ ಮಮ್ಮೀ" ಅಂತ ಅಳಾಕತ್ತಿದ್ದ. ಕೈಕಾಲು ತಣ್ಣಗಾಗಿ ಅಲ್ಲೇ ಕುಂತೆ. ನನ್ನ ಮಗ ಧಾರವಾಡದ ಹಾಸ್ಟೆಲಿನ್ಯಾಗ ಇರ್ತಾನ.

ಆಮ್ಯಾಲ ತಲಿಗೆ ಹೊಳೀತು, ನನ್ನ ಮಗ ಹುಟ್ಟಿದಾಗಿಂದ "ಯವ್ವಾ" ಅಂದದ್ದು ಬಿಟ್ರ ಮಮ್ಮಿ ಅಂದವಲ್ಲ! ಮಗಳ ಫೋನಿಂದ ಹಾಸ್ಟೆಲ್‌ಗೆ ಹಚ್ಚಿದೆ. ಅವ ಮೆಸ್ಸಿನ್ಯಾಗ ಉಣ್ಣಾಕತ್ತಿದ್ದ, "ಏನ್ ಬೇ ಯವ್ವಾ, ಈಗ ಯಾಕ ಫೋನ್ ಮಾಡೀದಿ" ಅಂದ. ರೊಕ್ಕಾ ಹೋಗಲಿಲ್ಲ. ಸೈಬರ್ ಸಹಾಯವಾಣಿ 1930ಕ್ಕ ಹೇಳಿದ್ವಿ. ಕುಕ್ಕರ್ ಮಾತ್ರ ತಳಾ ಹತ್ತಿತ್ತು.

ಮಾಸ್ತರ, ಹುಡುಗ ತಾಯಿಗೆ ಏನಂತ ಕರೀತಾನ ಅನ್ನೂದು ಕತಿಗೆ ಬೇಕಾದ್ರ ತಗೋರಿ.

ಓದುಗ ಮಹಾಶಯ:
ಅಕ್ಕಾರ, ನಿಮ್ಮ ಅನುಭವ ಓದಿ ಮೈ ಜುಮ್ಮೆಂದಿತು.

ನಮ್ಮ ಪೀಳಿಗೆಯವರಿಗೆ ಅಪಹರಣ ಅಂದರೆ 2000ದ ಜುಲೈ 30ರ ಗಾಜನೂರು, ವೀರಪ್ಪನ್ ಡಾ. ರಾಜ್‌ಕುಮಾರರನ್ನು ಒಯ್ದದ್ದು. 108 ದಿನ ರೇಡಿಯೋಕ್ಕೆ ಕಿವಿ ಹಚ್ಚಿ ಕೂತಿದ್ದೆವು. ಅದು ಬೇರೆ ಥರದ್ದು, ಕಾಡು, ಸರ್ಕಾರ, ಸಂಧಾನಕಾರರು. ಮನೆತನದ ಅಪಹರಣಕ್ಕೆ ನೋಡಬೇಕಾದ್ದು ಅಮೆರಿಕದ ವಿಮಾನಯಾನಿ ಲಿಂಡ್‌ಬರ್ಗ್ ಮಗುವಿನ ಪ್ರಕರಣ, 1932. 50,000 ಡಾಲರ್ ಕೊಟ್ಟರು. ಮಗು ಅಷ್ಟರಲ್ಲಿ ಸತ್ತುಹೋಗಿತ್ತು, ಮನೆಯಿಂದ ಕೆಲವೇ ಮೈಲಿ ದೂರದಲ್ಲಿ ಹೆಣ ಸಿಕ್ಕಿತು. ಆದರೆ ಕೊಟ್ಟ ನೋಟುಗಳ ನಂಬರ್ ಬರೆದಿಟ್ಟುಕೊಂಡಿದ್ದರು. ಎರಡು ವರ್ಷ ಕಳೆದ ಮೇಲೆ 1934ರಲ್ಲಿ ಒಬ್ಬ ಪೆಟ್ರೋಲ್ ಬಂಕಿನ ಹುಡುಗ, ಹತ್ತು ಡಾಲರಿನ ಹಳೇ ಥರದ ನೋಟು ನೋಡಿ ಅನುಮಾನಪಟ್ಟು, ಅದರ ಮೇಲೆಯೇ ಕಾರಿನ ನಂಬರ್ ಗೀಚಿಟ್ಟ. ಅಲ್ಲಿಗೆ ಅಪಹರಣಕಾರ ಸಿಕ್ಕಿಬಿದ್ದ.

ಇನ್ನೊಂದು 1973ರದು, ರೋಮ್. ಎಣ್ಣೆ ಕುಬೇರ ಗೆಟ್ಟಿಯ ಮೊಮ್ಮಗ. ಅಜ್ಜ ಹಣ ಬಿಚ್ಚಲಿಲ್ಲ. ಹುಡುಗನ ಕಿವಿ ಕೊಯ್ದು ಅಂಚೆಯಲ್ಲಿ ಕಳಿಸಿದ ಮೇಲೆ, ತೆರಿಗೆಯಲ್ಲಿ ಎಷ್ಟು ವಿನಾಯಿತಿ ಸಿಗುತ್ತದೋ ಅಷ್ಟನ್ನು ತಾನು ಕೊಟ್ಟು, ಉಳಿದದ್ದನ್ನು ಮಗನಿಗೆ ಶೇ 4ರ ಬಡ್ಡಿಯ ಸಾಲ ಅಂತ ಕೊಟ್ಟ! ಸ್ವಂತ ಮೊಮ್ಮಗ! ನಿಮ್ಮ ಕಾದಂಬರಿಯ ಯಜಮಾನರೂ ಹೀಗೆ ಲೆಕ್ಕದ ಮನುಷ್ಯ ಆಗಿದ್ದರೆ ಕಥೆಗೆ ಕಳೆ ಬರುತ್ತದೆ. ಅಂದಹಾಗೆ ಷರ್ಲಾಕ್ ಹೋಮ್ಸ್ ಕಥೆಯಂತೆ ನಾಯಿ ಬೊಗಳಲಿಲ್ಲ ಅನ್ನುವ ಸುಳಿವು ಮಾತ್ರ ಬೇಡ, ನೂರು ವರ್ಷದ ಹಳಸಲು.

ನಿವೃತ್ತ ಖಾಕಿ:
ನೋಟಿನ ನಂಬರ್ ಮಾತು ಖರೆ. 41,60,000 ಅಂದ್ರ ಐನೂರರ ನೋಟು 8,320. ಎಂಬತ್ಮೂರು ಕಟ್ಟು, ಮ್ಯಾಲ ಇಪ್ಪತ್ತು ನೋಟು. ಹೊಸಾ ಕಟ್ಟಾದ್ರ ಮೊದಲಿಂದು ಕಡೀದ್ದು ನಂಬರ್ ಬರಕೊಂಡ್ರ ಆತು. ವ್ಯಾಪಾರದ ರೊಕ್ಕಾ ಕಲಸಾಮೇಲೋಗರ ಇರ್ತದ, ಒಂದೊಂದ ಎಣಿಸಿ ವಿಡಿಯೋ ಮಾಡಬೇಕು. ಇಬ್ಬರು ಕುಂತ್ರೂ ರಾತ್ರಿ ಹೋಗ್ತದ. ಇದನ್ನ ಒಂದು ಅಧ್ಯಾಯ ಮಾಡ್ರಿ. ಸಾವುಕಾರ ತನ್ನ ರೊಕ್ಕಾ ಪೊಲೀಸರ ಕೈಯಾಗ ಎಣಿಸೂದನ್ನ ನೋಡ್ಕೋತ ಕುಂತಿರ್ಬೇಕು.

ಮಣೂಕ ಮಾಮಾ:
ಎಲ್ಲಾರೂ ಮಾತಾಡಿದ್ರಿ, ಮಾಲಿನ ಬಗ್ಗೆ ಒಬ್ಬರೂ ಮಾತಾಡ್ಲಿಲ್ಲ. ನಮ್ಮದು ಇದ ಮಣೂಕದ (ಒಣದ್ರಾಕ್ಷಿ) ಧಂದೆ, ಅಜ್ಜನ ಕಾಲದಿಂದ ಅಲ್ಲ, ನಮ್ಮ ಅಪ್ಪನ ಕಾಲದಿಂದ.

ಮೊದಲ ಶೆಡ್ಡಿನ ಮಾತು. ಮಾಲು ಒಣಗಸೂದು ಫೆಬ್ರುವರಿಯಿಂದ ಏಪ್ರಿಲ್ ತನಕ. ಶ್ರಾವಣದಾಗ ಶೆಡ್ ಖಾಲಿ ಬಿದ್ದಿರ್ತದ, ಹಸರು ನೆಟ್ಟು ಸುತ್ತಿಟ್ಟಿರ್ತಾರ. ಬಚ್ಚಿಡಾಕ ಛಲೋ ಜಾಗಾನ. ಆದ್ರ ನೀವು ಗಂಧಕದ ವಾಸನಿಂದ ಸಿಗಸ್ತೀನಿ ಅಂತೇನರ ಬರದಿದ್ರ ತಗೀರಿ, ನಾಕು ತಿಂಗಳಾದ ಮ್ಯಾಲ ವಾಸನಿ ಇರಂಗಿಲ್ಲ. ಉಳಿಯೂದು ಏನು ಅಂದ್ರ ಜಿಗಟು. ರ‍್ಯಾಕಿನ ಜಾಳಗಿಗೆ, ಕೆಳಗಿನ ತಾಡಪತ್ರಿಗೆ ಹಣ್ಣು ಅಂಟಿ ಕರ್ರಗ ಆಗಿರ್ತದ. ಅದಕ್ಕ ಇರುವಿ. ಅಲ್ಲಿ ಒಂದು ರಾತ್ರಿ ಮಲಗಿದ ಹುಡುಗನ ಚಡ್ಡಿ, ಕೂದಲಾ ನೋಡ್ರಿ, ಎಲ್ಲಾ ಹೇಳ್ತಾವ.

ಎರಡನೇದ್ದು, ನಮ್ಮ ಕಡೆ ಗುಮಾಸ್ತ ಅನ್ನಂಗಿಲ್ರಿ, ದಿವಾಣಜಿ.

ಮೂರನೇದ್ದು ದೊಡ್ಡ ತಪ್ಪು. 26 ಟನ್, 160ರಂಗ, 41 ಲಕ್ಷ 60 ಸಾವಿರ. ಸಾಲಿಯೊಳಗ ಹುಡುಗೂರಿಗೆ ಕೊಡೂ ಲೆಕ್ಕ ಇದು. ಯಾವ ವ್ಯಾಪಾರಸ್ಥನ ಕೈಗೂ ಇಷ್ಟು ಗುಂಡ ರೊಕ್ಕಾ ಬರಂಗಿಲ್ಲ. ಬಾಕ್ಸಿನ ತೂಕ, ಹಮಾಲಿ, ದಲಾಲಿ, ಗಾಡಿ ಬಾಡಗಿ ಎಲ್ಲಾ ಕಳದು ಪಟ್ಟಿ, ಅಂದ್ರ ಕೈಗೆ ಬರೋ ರೊಕ್ಕದ ಲೆಕ್ಕ, ಆಗ್ತದ. ತಿಜೋರಿಯೊಳಗ ಇರೋದು ಪಟ್ಟಿ ರೊಕ್ಕಾ. ಅದು ಇದಕ್ಕಿಂತ ಕಡಿಮಿ ಇರ್ತದ. ಮಾಸ್ತರ, ತಿದ್ದರಿ.

ಬಾರಾಕಮಾನ್:
ಧನ್ಯವಾದ ಮಾಮಾರ. ತಿದ್ದತೀನಿ. ಕಳ್ಳ 40 ಲಕ್ಷ 87 ಸಾವಿರ ಕೇಳಿದ ಅಂತ ಮಾಡ್ಲೇನು?

ನವನಗರದ ಅಕ್ಕ:
ತಿದ್ದಬ್ಯಾಡ್ರಿ!! ಮಾಸ್ತರ, ಕೈ ಮುಗೀತೀನಿ, ತಿದ್ದಬ್ಯಾಡ್ರಿ.

ಪಟ್ಟಿ ಬರದಾವ ದಿವಾಣಜಿ ಅಲ್ಲೇನು? ಕೈಗೆ ಎಷ್ಟು ಬಂತು ಅಂತ ಅವನಿಗೆ ಪೈಸಾ ಪೈಸಾ ಗೊತ್ತಿರ್ತದ. ಅವ ಕಳ್ಳ ಆಗಿದ್ರ ಇದ್ದಷ್ಟ ಕೇಳ್ತಿದ್ದ. 41.60 ಕೇಳಿದಾವ ತೂಕ ಬಲ್ಲ, ದರ ಬಲ್ಲ, ಪಟ್ಟಿ ಕಂಡಿಲ್ಲ. ಮನ್ಯಾಗ ಕುಂತು ಗುಣಾಕಾರ ಮಾಡ್ಯಾನ. ಅಂದ್ರ ದಿವಾಣಜಿ ಕಳ್ಳ ಅಲ್ಲ!

ಓದುಗ ಮಹಾಶಯ:
ಅಕ್ಕಾರ, ಈ ಕಾದಂಬರಿ ನೀವೇ ಬರೆಯಿರಿ.

ಮಣೂಕ ಮಾಮಾ:
ಇದು ಬರೋಬ್ಬರಿ ಐತಿ ನೋಡ್ರಿ. ನಾ ಇಷ್ಟು ವರ್ಷ ಪಟ್ಟಿ ನೋಡಿದವ, ನನಗ ಹೊಳೀಲಿಲ್ಲ.

ಹಂಗಾದ್ರ ಇನ್ನೂ ಸ್ವಲ್ಪ ಬಿಗಿ ಮಾಡ್ತೀನಿ. ತೂಕ ಬಹಳ ಮಂದಿಗೆ ಗೊತ್ತಿರ್ತದ. ತೂಕದ ಕಾಟಾದವ, ಹಮಾಲರು, ಲಾರಿ ಡ್ರೈವರ್, ಕೋಲ್ಡ್ ಸ್ಟೋರೇಜಿನವ. ದರಾ ಹಂಗಲ್ಲ. ಮೊದಲ ಸಿದ್ಧೇಶ್ವರ ಜಾತ್ರಿಯೊಳಗ ಎತ್ತಿನ ದರಾ ಟವೆಲ್ ಒಳಗ ಬೆರಳು ಹಿಡದು ಹೇಳ್ತಿದ್ರಲ್ಲ, ಹಂಗ. ಎರಡ ನಂಬರ್, ಬಿಲ್ ಇಲ್ಲದ ಮಾಲಂದ್ರ ಕೇಳೂದ ಬ್ಯಾಡ, ಕೊಡಾವಗ ತಗೊಳಾವಗ ಮತ್ತ ದಲಾಲಗ ಬಿಟ್ರ ನಾಕನೇದವ್ರಿಗೆ ಗೊತ್ತಾಗಂಗಿಲ್ಲ. ಎರಡೂ ಬಲ್ಲವ್ರು ಎಷ್ಟು ಮಂದಿ? ಒಂದು ಕೈಬೆರಳು ಸಾಕು.

ಕರಿಕೋಟು:
"ಎರಡ ನಂಬರ್" ಅಂತ ಮಾಮಾರೇ ಬಾಯಿಬಿಟ್ಟಿದ್ದರಿಂದ ಹೇಳುತ್ತೇನೆ. ಈ ಮನೆಯವರು ಪೊಲೀಸರ ಮುಂದೆ ತಡವರಿಸುವುದಕ್ಕೆ ಅಪಹರಣಕಾರನ ಭಯ ಅರ್ಧ ಕಾರಣ, ಇನ್ನರ್ಧ ಆದಾಯ ತೆರಿಗೆ. 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ ದಂಡ ಎಷ್ಟು ಗೊತ್ತೇ? ತೆಗೆದುಕೊಂಡಷ್ಟೇ.

ಅಂದರೆ ಯಜಮಾನರ ಲೆಕ್ಕದಲ್ಲಿ ಕಳ್ಳನಿಗೆ ಒಮ್ಮೆ, ತೆರಿಗೆಯವರಿಗೆ ಒಮ್ಮೆ. ಸಿಪಿಐ ಕೇಳುತ್ತಾನೆ, "ಇದೇ ಮೊತ್ತ ಯಾಕೆ ಕೇಳಿದ?" ಯಜಮಾನರು "ಯಾರಿಗ್ಗೊತ್ರಿ ಸಾಹೇಬ್ರ" ಅನ್ನುತ್ತಾರೆ. ಮೊಮ್ಮಗನ ಜೀವ ಹೋಗುವ ಹೊತ್ತಿನಲ್ಲೂ ಕಚ್ಚಾ ಚೀಟಿ ಹೊರಗೆ ಬರುವುದಿಲ್ಲ. ಇಂಥ ಕಕ್ಷಿದಾರರನ್ನು ನಾನು ಕಂಡಿದ್ದೇನೆ. ತನಿಖೆಗೆ ಬೇಕಾದ ಒಂದೇ ಒಂದು ಸತ್ಯವನ್ನು ಮನೆಯವರೇ ಮುಚ್ಚಿಡುತ್ತಾರೆ. ಪೊಲೀಸರಿಗೆ ಹೇಳದ್ದನ್ನು ಖಾಸಗಿ ಪತ್ತೇದಾರನಿಗೆ ಹೇಳಿಯಾರು. ಮಾಸ್ತರೇ, ನಿಮ್ಮ ಯೂನಿಫಾರ್ಮ್ ಇಲ್ಲದ ಹೀರೋಗೆ ಕೆಲಸ ಸಿಕ್ಕಿತು.

ನಿವೃತ್ತ ಖಾಕಿ:
ವಕೀಲ್ರು ಹೇಳಿದ್ದು ನೂರಕ್ಕ ನೂರು. ನಾ ಒಂದು ಮನಿಗೆ ಹೋಗಿದ್ದೆ, ಊರು ಹೇಳಂಗಿಲ್ಲ. ಹದಿನಾರರ ಹುಡುಗ ಕಾಣಿ, ಆರು ಲಕ್ಷ ಕೇಳಿ ಮೆಸೇಜು. ಅಪ್ಪ ಒಂದ ಸಮನ "ನಮಗ ವೈರಿಗಳ ಇಲ್ಲ" ಅಂತಿದ್ದ. ಮೂರನೇ ದಿನ ತಂಗಿ ನನ್ನ ಬಾಜೂಕ ಬಂದು ಸಣ್ಣಗ ಅಂದ್ಲು, "ಅಣ್ಣ ಐಪಿಎಲ್ ಬೆಟ್ಟಿಂಗಿನ್ಯಾಗ ಆರು ಲಕ್ಷ ಸೋತಾನ್ರಿ, ಅಪ್ಪಗ ಗೊತ್ತೈತಿ." ಹುಡುಗ ಗೆಳ್ಯಾನ ರೂಮಿನ್ಯಾಗ ಕುಂತು ತಾನ ಮೆಸೇಜ್ ಕಳಸಾಕತ್ತಿದ್ದ. ಆ ಆರು ಲಕ್ಷ ಅನ್ನೂದನ್ನ ಅಪ್ಪ ಮೊದಲ ದಿನ ಹೇಳಿದ್ರ ನಾವು ಮೂರು ರಾತ್ರಿ ಹೊಲ ಅಡ್ಡಾಡೂದು ತಪ್ಪತಿತ್ತು.

ಗುಮ್ಮಟದ ಗೈಡ್:
ಗಾಡಿ ಬಗ್ಗೆ ಒಂದು ಮಾತು. ಕಳ್ಳರ ಬಳಿ ಎಂಎಚ್-13 ಗಾಡಿ ಕೊಡ್ರಿ. ಸೊಲ್ಲಾಪುರದ ಪಾಸಿಂಗು ನಮ್ಮೂರಾಗ ದಿನಾ ಸಾವಿರ ಅಡ್ಡಾಡ್ತಾವ, ಯಾರೂ ತಿರುಗಿ ನೋಡಂಗಿಲ್ಲ. ಟೋಲ್ ಮ್ಯಾಲ ಹೋಗಸಬ್ಯಾಡ್ರಿ, ಫಾಸ್ಟ್ಯಾಗ್ ಚಾಡಿ ಹೇಳ್ತದ.

ಮತ್ತ ರೊಕ್ಕಾ ಕೊಡೂ ಜಾಗಾ ನಾ ಹೇಳ್ತೀನಿ: ಕೊರ್ತಿ-ಕೋಲ್ಹಾರ ಸೇತುವೆ. ಉದ್ದಕ ಮೂರು ಕಿಲೋಮೀಟರ್, ಎರಡೂ ಕಡೆ ಕೃಷ್ಣಾ ನೀರು. ಮೊಸರ ಗಡಿಗಿ ಮಾರಾವರ ನಡುವ ಮಫ್ತಿ ಪೊಲೀಸ್ರನ್ನ ಕುಂಡರಿಸ್ರಿ.

ಮಣೂಕ ಮಾಮಾ:
ರೊಕ್ಕಾ ಚೀಲದಾಗ ಬ್ಯಾಡ. ಹದಿನೈದು ಕಿಲೋ ಮಣೂಕದ ಬಾಕ್ಸಿನ್ಯಾಗ ಎಂಬತ್ಮೂರು ಕಟ್ಟು ಆರಾಮ ಹಿಡೀತಾವ, ಮ್ಯಾಲ ಒಂದಿಷ್ಟು ಮಾಲು ಸುರುವಿ ಟೇಪ್ ಹಚ್ಚಿದ್ರ ತೂಕಾನೂ ಸರಿ ಬರ್ತದ.

ಕುಂದಾ ಪ್ರಿಯ:
ಕುಂದಾ ಬಾಕ್ಸಿನ್ಯಾಗ ಹಿಡೀತಾವೇನ್ರಿ?

ನವನಗರದ ಅಕ್ಕ:
ಎಲ್ಲಾರೂ ಗಾಡಿ, ಸೇತುವೆ, ಬಾಕ್ಸು ಅಂತ ಓಡಾಕತ್ತೀರಿ. ಅದು ಕಡೀಗೆ. ಮೊದಲ ತೂಕ ದರಾ ಎರಡೂ ಹೊರಗಿನವಗ ಹೆಂಗ ಗೊತ್ತಾತು ಅನ್ನೂದು ಹೇಳ್ರಿ.

ನಾ ಹೇಳ್ತೀನಿ. ಎಪ್ಪತ್ತೆರಡು ವರ್ಷದ ಯಜಮಾನ್ರು. ನಮ್ಮ ಮಾವನವರೂ ಅದ ವಯಸ್ಸು. ಕಿವಿ ಮಂದ. ಫೋನ್ ಬಂದ್ರ ಪಡಸಾಲಿಯೊಳಗ ಕುಂತು ಓಣಿಗೆ ಕೇಳೂವಂಗ ಮಾತಾಡ್ತಾರ. "ಹಾಂ, ಇಪ್ಪತ್ತಾರು ಟನ್ ಹೋತು, ನೂರಾಅರವತ್ತಕ್ಕ ಹೋತು!" ಟವೆಲ್ ಒಳಗ ಬೆರಳು ಹಿಡದು ಮುಚ್ಚಿಟ್ಟ ದರಾ ಮನ್ಯಾಗ ಬಯಲಾತು. ಆವತ್ತು ಆ ಹೊತ್ತಿನ್ಯಾಗ ಆ ಮನ್ಯಾಗ ಯಾರಿದ್ರು? ಇದ ಒಂದ ಪ್ರಶ್ನಿ.

ಮತ್ತ ಅದನ್ನ ಗಂಡಸ್ರಿಗೆ ಕೇಳಿದ್ರ ಸಿಗಂಗಿಲ್ಲ. "ಯಾರೂ ಇರಲಿಲ್ಲ, ನಾವ ನಾವ" ಅಂತಾರ. ಇನ್ವರ್ಟರ್ ರಿಪೇರಿಗೆ ಬಂದಾವ, ಸೊಸಿ ತವರಿನವ್ರು ಯಾರೋ ಬಂದು ಹೋದದ್ದು ಅವರ ಲೆಕ್ಕಕ್ಕ ಬರಂಗಿಲ್ಲ. ಅಡಿಗಿ ಮನ್ಯಾಗ ಕೇಳ್ರಿ.

ಬಾರಾಕಮಾನ್:
ಮೂರು ದಿನಾ ಆತು ಇಲ್ಲಿ ಬಂದು. ಬಿಟ್ಟೂಬಿಡದ ಬರದೀನಿ. ದಿವಾಣಜಿಯನ್ನ ಪೊಲೀಸ್ರು ಠಾಣೆಗೆ ಕರಕೊಂಡು ಹೋಗ್ಯಾರ, ಊರೆಲ್ಲಾ ಅವನ ಕಳ್ಳ ಅನ್ನಾಕತ್ತೈತಿ. ನನ್ನ ಪತ್ತೇದಾರನ ಕೈಯಾಗ ಸಿಡಿಆರ್ ಇಲ್ಲ, ಟವರ್ ಇಲ್ಲ, ವಾರಂಟ್ ಇಲ್ಲ. ಕಚ್ಚಾ ಚೀಟಿ ಮಾತ್ರ ಯಜಮಾನ್ರು ತೋರ್ಸ್ಯಾರ. ಅವ ಎದ್ದು ಹಿತ್ತಲಕ ಹೋಗ್ತಾನ. ಇಲ್ಲಿ ಹಾಕ್ತೀನಿ, ಓದಿ ಬೈರಿ.

ಒಲಿ ಮುಂದ ಕುಂತಾಕಿ ತಲಿ ಎತ್ತಲಿಲ್ಲ. ಹಂಚಿನ ಮ್ಯಾಲ ರೊಟ್ಟಿ ಉಬ್ಬಾಕತ್ತಿತ್ತು. ಒದ್ದಿ ಅರಿಬಿ ತಗೊಂಡು ಅದರ ಮಾರಿಗೆ ನೀರು ಸವರಿದಳು.

"ಯಕ್ಕಾ, ಈ ಮನ್ಯಾಗ ಎಷ್ಟು ವರ್ಷಾತು ರೊಟ್ಟಿ ಬಡ್ಯಾಕತ್ತಿ?"

"ಈ ಹುಡುಗನ ಅಪ್ಪನ ಲಗ್ನದಾಗ ಬಂದಾಕಿರಿ."

"ದಿನಾ ಎಷ್ಟು ಬಡೀತಿ?"

"ಮಧ್ಯಾಹ್ನಕ್ಕ ಮೂವತ್ತು. ಆಳು ಮಕ್ಕಳದ್ದೂ ಹಿಡದು."

"ಹಿಂದಿನ ವಾರ, ಯಜಮಾನ್ರು ಫೋನಿನ್ಯಾಗ ಮಾಲು ಹೋತು ಅಂತ ಖುಷಿಲೆ ಒದರಿದ ದಿನಾ?"

ಆಕಿ ಕೈ ನಿಂತಿತು. ಹಿಟ್ಟಿನ ಉಂಡಿ ಪರಾತದ ನಡುವ ಹಂಗ ಇತ್ತು. ಬೆರಳಿನ ಗಣಿಕಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು.

"ಆವತ್ತು ಮೂವತ್ನಾಕ್ರಿ. ಸಜ್ಜಿ ರೊಟ್ಟಿ. ಬಾಗಿಲದಾಗ ನಿಂತು ಅಮ್ಮಾರು, ಇನ್ನೂ ನಾಕು ಹಾಕು, ಅವರಿಬ್ಬರು ಉಂಡು ಹೋಗ್ತಾರ ಅಂದ್ರು."

"ಯಾರಿಬ್ಬರು?"

ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕತ್ತಿತ್ತು. ಆಕಿ ಅದನ್ನ ಹೊಳ್ಳಿ ಹಾಕಲಿಲ್ಲ.

ನಿವೃತ್ತ ಖಾಕಿ:
ಆಕೀ ಹೇಳಿಕಿ ಮ್ಯಾಜಿಸ್ಟ್ರೇಟರ ಮುಂದ ಮಾಡ್ಸರಿ, ಬಿಎನ್‌ಎಸ್‌ಎಸ್ 183. ಇಲ್ಲಂದ್ರ ಆ ಮನಿ ಉಪ್ಪು ತಿಂದಾಕಿ ಕೋರ್ಟಿನ್ಯಾಗ ತಿರುಗಿ ಬೀಳ್ತಾಳ. ದಿವಾಣಜಿಯನ್ನ ಬಿಡಸ್ರಿ ಲಗೂನ, ಪಾಪ.

ಮಣೂಕ ಮಾಮಾ:
ಮಾಸ್ತರ, ಸೀನು ಭಾರಿ ಆಗೇತಿ. ಆದ್ರ ಶ್ರಾವಣದಾಗ ಸಜ್ಜಿ ರೊಟ್ಟಿ ಯಾರು ಬಡೀತಾರ್ರಿ? ಅದು ಥಂಡಿ ದಿನದ್ದು, ಎಳ್ಳ ಅಮಾಸಿ, ಸಂಕ್ರಾಂತಿಗೆ. ಬಿಳಿ ಜ್ವಾಳದ್ದು ಅಂತ ತಿದ್ದರಿ.

ನವನಗರದ ಅಕ್ಕ:
ಇದನ್ನ ಮಾತ್ರ ತಿದ್ದರಿ.